ನಾನೇ ಮಾಡ್ಕೊಂಡ ಸಾಮಾನು

ತನ್ನ ಕೆಲಸದ ಸಾಮಾನು ತಾನೇ ಮಾಡ್ಕೋತೀನಿ ಅನ್ನೋ ಗೌಂಡಿಗಿ ವರ್ಷಕ್ಕ ಒಂದ್ಸಲನಾರ ಮಂದಿ ಮುಂದ ತೆಲಿ ತಗ್ಗಿಸೋ ಪಾಳಿ ಬಂದೇ ಬರ್ತದ ನೋಡ್ರಿ. ನಾ ಶಹಾಬಾದದಾಗ ಇಪ್ಪತ್ತೈದು ವರ್ಷದಿಂದ ಗ್ವಾಡಿ ಕಟ್ಟಾಕತ್ತೀನಿ, ನೆಲಕ್ಕ ಫರಸಿ ಕಲ್ಲು ಹಾಸಾಕತ್ತೀನಿ. ಅಂಗಡಿ ಸಾಮಾನು ಕೈಲಾಗದವರಿಗಿ ಅಂತ ಹೇಳ್ಕೋತ ತಿರಗಾವ ನಾನು. ಮಗಳನ್ನ ಚಿತ್ತಾಪುರಕ್ಕ ಕೊಟ್ಟೀನಿ. ಬೀಗರೂ ಗೌಂಡಿನೇ, ಆದ್ರ ಅವರ ಚೀಲದಾಗ ಇರೋದೆಲ್ಲಾ ಅಂಗಡಿದು. ಇಲ್ಲಿ ನಂದೇನರ ಫಜೀತಿ ಆದ್ರ ಸುದ್ದಿ ಅಲ್ಲಿಗಿ ಮುಟ್ಟತದ, ಮಗಳು ಕೇಳಸ್ಕೋಬೇಕಾಗ್ತದ. ನನಗ ಅದೊಂದೇ ಸಂಕಟ.

ಕಳುವಿನ ಮಾಲು

ನಮ್ಮ ಓಣ್ಯಾಗೇ ಒಂದ್ ಮಾಡಿ ಮನಿ ಕೆಲಸ ನಡದಿತ್ತು. ಗ್ವಾಡಿ ನೆಟ್ಟಗ ಅದನೋ ಇಲ್ಲೋ ನೋಡ್ಲಿಕ್ಕ ದಾರಕ್ಕ ತೂಗಬಿಡೋ ಓಳಂಬ ಎಲ್ಲೋ ಕಳದಿತ್ತು. ಮನ್ಯಾಗ ಬೆಳ್ಳೊಳ್ಳಿ ಜಜ್ಜೋ ಹಿತ್ತಾಳಿ ಗುಂಡು ಕಣ್ಣಿಗಿ ಬಿತ್ತು. ಹೆಂಡತಿಗಿ ಹೇಳದಂಗ ತೂತ ಕೊರದು ದಾರ ಕಟ್ಟಿದೆ. ಭಾಳ ಛಂದ ತೂಗ್ತಿತ್ತು. ಇಕಡಿ ಅಕಿ ಮನಿ ತುಂಬ ಹುಡಕಿ, ಬಾಜೂಮನ್ಯಾಕಿ ಮ್ಯಾಲ ಅನುಮಾನ ಪಟ್ಟು ಮಾತು ಬಿಟ್ಟಿದ್ಲು.

ಮೂರನೇ ದಿನ ಬುತ್ತಿ ತಂದಾಕಿ ತೆಲಿ ಎತ್ತಿ ನೋಡಿದ್ರ ತನ್ನ ಗುಂಡು ದಾರಕ್ಕ ತೂಗ್ಲಿಕತ್ತಿತ್ತು. ಮಾಲಕ, ಗಾರಿ ಹೊರೋರು ಎಲ್ಲಾರೂ ಅಲ್ಲೇ ಇದ್ರು. ಅಕಿ ಜಗಳಾಡ್ಲಿಲ್ಲ. "ಸಂಜಿಗಿ ಬಾಜೂಮನಿಗಿ ನೀವೇ ಹೋಗಿ ಹೇಳ್ರಿ, ಕಳ್ಳ ಸಿಕ್ಕ ಅಂತ" ಅಂದು ಬುತ್ತಿ ಇಟ್ಟು ಹೋದ್ಲು.

ಆಡಕಿಯ ರೋಗಿ

ಎರಡೂ ಕಡಿ ಎತ್ತರ ಸಮ ಅದನೋ ನೋಡ್ಲಿಕ್ಕ ನೀರ ತುಂಬಿದ ಪೈಪ ಹಿಡಿತೀವಿ. ನಾ ಏನ್ ಮಾಡ್ದೆ, ಮೆಡಿಕಲ್ ಅಂಗಡ್ಯಾಗ ಸಲಾಯಿನ್ ಹಚ್ಚೋ ನಳಿ ತಂದು ಒಂದಕ್ಕೊಂದು ಜೋಡಿಸ್ದೆ. ನೀರು ಎದ್ದು ಕಾಣ್ಲಿ ಅಂತ ಕುಂಕುಮ ಕಲಸ್ದೆ. ಆಡಕಿ ಊರಾಗ ಒಂದ್ ಮನಿ ಕೆಲಸದ ನಡಬರಕ ಚಾ ಕುಡಿಲಿಕ್ಕ ಹೋಗಾಗ ನಳಿ ಒಂದ್ ಮೊಳಿಗಿ ತೂಗಹಾಕಿದೆ. ಅದರ ಕೆಳಗ ಹೊರಸಿನ ಮ್ಯಾಲ ಆ ಮನಿ ಮಾಲಕ ಚಾದರ ಹೊಚ್ಚಿ ಮಕ್ಕೊಂಡಿದ್ದ. ನಳಿ ತುದಿ ಚಾದರದಾಗ ಹೋಗಿತ್ತು.

ತಿರಗಿ ಬರೋದ್ರಾಗ ಅಂಗಳ ತುಂಬ ಮಂದಿ. ಮಾಲಕಗ ರಕ್ತ ಏರಸ್ಲಿಕತ್ತಾರ ಅಂತ ಯಾರೋ ಹಬ್ಬಿಸಿದ್ರು. ಒಬ್ಬಾಕಿ ಬ್ರೆಡ್ ತಂದಿದ್ಲು, ಇಬ್ರು ಅಳ್ಳಿಕತ್ತಿದ್ರು. ಗದ್ದಲಕ್ಕ ಎದ್ದ ಮಾಲಕ, ಮನ್ಯಾಗ ಯಾರೋ ಹೋದ್ರು ಅಂತ ತಿಳದು ತಾನೂ ಅಳ್ಳಿಕತ್ತ. ನನ್ನ ಮಾರಿ ಎಲ್ಲಿ ಮುಚ್ಚಿಡ್ಲಿ ಅನ್ನಂಗಾತು. ಸಂಜಿಗಿ ಬೀಗರ ಫೋನು ಬಂತು, ಪೇಶಂಟ್ ಹೆಂಗದಾನ್ರಿ ಅಂತ. ಹಿಂದ ಮಗಳು ನಿಂತು ಕೇಳ್ಲಿಕತ್ತಿದ್ಲಂತ.

ಬೀಗರ ಅಡಗಿ ಮನಿ

ಈ ವರ್ಷ ಬೀಗರಿಗಿ ಮೊಣಕಾಲ ಬ್ಯಾನಿ. ಮನಿ ಹಿಂದ ಒಂದ್ ಅಡಗಿ ಖೋಲಿ ನೀವೇ ಕಟ್ಟಿಕೊಡ್ರಿ ಅಂದ್ರು. ಮಗಳ ಮನ್ಯಾಗ ನನ್ನ ಇಜ್ಜತ್ ತಿರಗಿ ಗಳಸ್ಲಿಕ್ಕ ಇದೇ ಮೋಕಾ ಅಂತ ಹೋದೆ. ಮೂಲಿ ಚೌಕ ಅದನೋ ನೋಡೋ ಎರಡು ಕಾಲಿನ ಗುನ್ಯಾ ಸೈತ ಸಾಗವಾನಿ ಪಟ್ಟಿಲೇ ಹೊಸಾದು ಮಾಡ್ಕೊಂಡಿದ್ದೆ. ಹಳೀ ಗ್ವಾಡಿಗಿ ಹೊಂದಿಸಿ ಮೂರೂ ಗ್ವಾಡಿ ಎಬ್ಬಿಸ್ದೆ. ಮಗಳು ಓಣಿ ಹೆಣ್ಮಕ್ಕಳನ್ನ ಕರಕೊಂಡು ಬಂದು ತೋರಿಸಿದ್ದೇ ತೋರಿಸಿದ್ದು.

ಫರಸಿ ಹಾಸಾಗ ಬಂತು ನೋಡ್ರಿ ಗಿರಾಚಾರ. ಗ್ವಾಡಿ ಬಾಜೂಕಿನ ಕಡೀ ಸಾಲಿನಾಗ ಒಂದ್ ತುದಿಗಿ ಒಂದ್ ಬೆರಳ ಸಂದಿ, ಇನ್ನೊಂದ್ ತುದಿಗಿ ನಾಕ್ ಬೆರಳು. ಬೀಗರು ಕುಂಟಕೋತ ಬಂದು, ಚೀಲದಾಗಿನ ಸ್ಟೀಲ್ ಗುನ್ಯಾ ತಗದು ನಂದರ ಮ್ಯಾಲ ಇಟ್ರು. ನಂದು ಕಾಲ ಅಗಲಿಸ್ಕೊಂಡು ಕುಂತಿತ್ತು.

ಇದರ ಅಳತಿ ಎಲ್ಲಿಂದ ತಗೊಂಡ್ರಿ ಅಂತ ಮೆತ್ತಗ ಕೇಳಿದ್ರು. ನಮ್ಮ ಮನಿ ಮೂಲಿಗಿ ಹಚ್ಚಿ ಮೊಳಿ ಹೊಡದೆ ಅಂದೆ. ಆ ಮೂಲಿ ಯಾರ್ ಕಟ್ಟಿದ್ದು ಅಂದ್ರು. ನಾನೇ ಅಂದೆ. ಬೀಗರು ನಗ್ಲಿಲ್ಲ. ಅದೇ ಇನ್ನಾ ಭಾಳ ಚುಚ್ಚತು. ಅಷ್ಟು ನಾಚಿಕಿ ನನ್ನ ಜನ್ಮದಾಗ ಆಗಿದ್ದಿಲ್ಲ.

ಅಪ್ಪನ ಮರ್ಯಾದಿ ಉಳಸ್ಬೇಕಂತ ಮಗಳು ಚಾ ಹಿಡ್ಕೊಂಡು ನಡಬರಕ ಬಂದ್ಲು.

"ಅಪ್ಪಂದೇನೂ ತಪ್ಪಿಲ್ರಿ ಮಾವಾ. ನಮ್ಮನ್ಯಾಗ ಮಂಚ ಆ ಮೂಲಿಗಿ ಎಷ್ಟು ಸರ್ಸಿದ್ರೂ ದಿಂಬು ಗ್ವಾಡಿ ಸಂದ್ಯಾಗ ಬೀಳ್ತಿತ್ತು. ಎಲ್ಲಾರ ಮನ್ಯಾಗೂ ಬೀಳ್ತದ ಅಂತ, ಮದಿವಿ ಆಗಿ ನಿಮ್ಮನಿಗಿ ಬರೋ ತನಕಾ ನಾನೂ ತಿಳ್ಕೊಂಡಿದ್ದೆ."