ಎರಡು ಸಾಕು ಅಂತ ಊರೂರು ಸುತ್ತಿದ್ದು

ಎಲ್ಲರಿಗೂ ಗೊತ್ತಿದ್ದೂ ಯಾರೂ ಬಾಯಿಬಿಟ್ಟು ಆಡದ ಮಾತನ್ನು ಮನೆಮನೆಗೆ ಹೋಗಿ ಗಟ್ಟಿಯಾಗಿ ಹೇಳುವುದೇ ನನ್ನ ನೌಕರಿ. ಕೋಲಾರ ಜಿಲ್ಲೆಯಲ್ಲಿ ಕುಟುಂಬ ಯೋಜನೆಯ ಕೆಲಸಕ್ಕೆ ನರ್ಸಾಗಿ ಸೇರಿದ ಮೇಲೆ ನಗು ತಡೆದುಕೊಳ್ಳುವುದೂ ಡ್ಯೂಟಿಯಲ್ಲೇ ಸೇರಿಹೋಗಿದೆ.

ಮಾಲೂರು ರೈಲು

ಮಾಲೂರು ಆಸ್ಪತ್ರೆಗೆ ಕಾಂಡೋಮ್ ಪೆಟ್ಟಿಗೆ ಒಯ್ಯಬೇಕಿತ್ತು. ಜೀಪು ಕೆಟ್ಟಿತ್ತು. ಬಂಗಾರಪೇಟೆಯಲ್ಲಿ ರೈಲು ಹತ್ತಿದೆ. ಟೇಕಲ್ ದಾಟುತ್ತಿದ್ದಂತೆ ಮೇಲಿಟ್ಟಿದ್ದ ಪೆಟ್ಟಿಗೆ ಬಿದ್ದು ಒಡೆದು, ಪೊಟ್ಟಣಗಳೆಲ್ಲ ಬೋಗಿ ತುಂಬ ಚೆಲ್ಲಾಪಿಲ್ಲಿ. ಬೆಂಗಳೂರಿಗೆ ಕೆಲಸಕ್ಕೆ ಹೊರಟ ಗಂಡಸರು ಒಬ್ಬರೂ ಕೆಳಗೆ ನೋಡಲಿಲ್ಲ. ಕಿಟಕಿಯಾಚೆಯ ಇಟ್ಟಿಗೆ ಗೂಡುಗಳನ್ನು ಜನ್ಮದಲ್ಲೇ ಕಾಣದವರಂತೆ ನೋಡುತ್ತಾ ಕೂತರು. ನಾನೊಬ್ಬಳೇ ಬಗ್ಗಿ ಸಿಕ್ಕಿದ್ದನ್ನೆಲ್ಲ ಆರಿಸಿಕೊಂಡೆ.

ಆಸ್ಪತ್ರೆಯಲ್ಲಿ ತೆಗೆದರೆ ಪೆಟ್ಟಿಗೆ ಅರ್ಧ ಖಾಲಿ!

"ಮಿಕ್ಕಿದ್ದೆಲ್ಲಮ್ಮ?" ಅಂದರು ಡಾಕ್ಟರು.

"ಹಂಚಿಬಿಟ್ಟೆ ಸಾರ್. ಯಾವ ಕ್ಯಾಂಪಲ್ಲೂ ಇಷ್ಟು ಬೇಗ ಖರ್ಚಾಗಿರಲಿಲ್ಲ."

ಅಂತರ

ನಂಗಲಿಯ ಟೀ ಅಂಗಡಿಯವನ ಹೆಂಡತಿ ಎರಡನೇ ಬಾಣಂತನದಲ್ಲಿ ಸೋತುಹೋಗಿದ್ದಳು. ಗಂಡನನ್ನು ಕೂರಿಸಿ, "ಮಕ್ಕಳ ನಡುವೆ ಅಂತರ ಇರಬೇಕಪ್ಪಾ" ಅಂದೆ.

"ಇಟ್ಟಿದ್ದೀನಿ ಮೇಡಂ."

"ಎಷ್ಟು?"

"ಪೂರಾ ಒಂದು ಬಸ್ ಚಾರ್ಜಿನಷ್ಟು! ದೊಡ್ಡವನು ಆಂಧ್ರದಲ್ಲಿ ಅವರಜ್ಜಿ ಹತ್ರ, ಚಿಕ್ಕವನು ಇಲ್ಲಿ. ಒಂದೇ ಕಡೆ ಬೆಳೆದ್ರೆ ಜಗಳ ತಪ್ಪಲ್ಲ, ಕೊಟ್ಲಾಡ್ಕೊಂತಾರೆ."

ಒಳಗಿಂದ ಹೆಂಡತಿಯ ದನಿ ಬಂತು: "ಮೇಡಂ, ಆ ಅಂತರ ನಮ್ಮಿಬ್ರಿಗೂ ಸ್ವಲ್ಪ ಹೇಳಿ!"

ಶ್ರೀನಿವಾಸಪುರದ ವೀರ

ಇವನು ಮಾವಿನ ತೋಟ ಗುತ್ತಿಗೆ ಹಿಡಿಯುವವನು. ಮೂರು ಹೆತ್ತ ಹೆಂಡತಿಗೆ ಮೈಯಲ್ಲಿ ರಕ್ತವೇ ಇಲ್ಲ. ಇನ್ನೊಂದು ಬಸಿರು ಜೀವಕ್ಕೇ ಅಪಾಯ ಎಂದಿದ್ದರು ಡಾಕ್ಟರು. ಅವಳಿಗೆ ಆಪರೇಷನ್ ಮಾಡುವ ಹಾಗೂ ಇರಲಿಲ್ಲ. "ನೀನೇ ಮಾಡಿಸ್ಕೊಳ್ಳಪ್ಪಾ, ಕೊಯ್ಯೋದಿಲ್ಲ, ಹೊಲಿಯೋದಿಲ್ಲ" ಅಂದರೆ, ಕೊಂಬೆ ತುದಿಗೆ ಹತ್ತುವ ಆಸಾಮಿ ನಾನು ಹೋದಾಗೆಲ್ಲ ನಾಪತ್ತೆ.

ಕೊನೆಗೆ ಅವನ ತಾಯಿಯೇ "ಪದರಾ, ನಡಿಯೋ!" ಎಂದು ತೋಳು ಹಿಡಿದು ಕ್ಯಾಂಪಿಗೆ ಎಳೆತಂದಳು. ಸೊಸೆ ಹಿಂದೆಯೇ ಬಂದಳು. ಅಲ್ಲಿ ಇನ್ನೂ ಕೆಲವು ಗಂಡಸರು ಹೇಗೋ ಧೈರ್ಯ ಮಾಡಿ ಬೆಂಚಿನ ಮೇಲೆ ಕೂತಿದ್ದರು.

ಒಳಗೆ ಇವನು ಕಣ್ಣು ಮುಚ್ಚಿಕೊಂಡೇ, "ಯಾವಾಗ ಶುರು ಮಾಡ್ತೀರಾ ಸಾರ್?" ಅಂದ.

"ಮುಗೀತು, ಎದ್ದೇಳಪ್ಪ."

ಮನೆಯಲ್ಲಿ ಉಪಚಾರ ಗಿಟ್ಟಲಿ ಅಂತಲೋ ಏನೋ, ಹೊರಗೆ ಬಂದವನೇ ಬಾಗಿಲು ಹಿಡಿದು, "ಅಯ್ಯಯ್ಯೋ, ಪ್ರಾಣ ಹೋಯ್ತು!" ಎಂದು ಅರಚಿದ. ಬೆಂಚಿನವರೆಲ್ಲ ಎದ್ದು ಚಪ್ಪಲಿ ಹುಡುಕತೊಡಗಿದರು. ಅವರ ಮನೆಗಳಿಗೆ ಅಲೆದು ಅಲೆದು ಒಪ್ಪಿಸಿದ್ದೆ.

ತಾಯಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಎದ್ದಳು.

"ಮುಚ್ಚೋ ಬಾಯಿ! ನಿನ್ನ ಹೆರೋವಾಗ ನಾನು ಸತ್ತು ಬದುಕಿದೀನಿ. ಹೊರಗೆ ಬಂದು ಯಾರಿಗಾದ್ರೂ ಹೇಳಿದ್ನಾ? ಹೇಳಿದ್ರೆ ಈ ತಾಲ್ಲೂಕಲ್ಲಿ ಇನ್ನೊಂದು ಮಗು ಹುಟ್ತಿರಲಿಲ್ಲ, ಈಯಮ್ಮಂಗೆ ನೌಕರೀನೂ ಇರ್ತಿರಲಿಲ್ಲ!"

ಸೊಸೆ ಸೆರಗಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಬೆಂಚು ಮತ್ತೆ ತುಂಬಿತು.