ಅರಿಶಿನ ಕುಂಕುಮದ ಬಾವುಟ ಹೊಲಿಯುವ ಬಗ್ಗೆ

ದಿನಾಂಕ: 22.10.2025

ಇಂದ:
ಶ್ರೀಮತಿ ವತ್ಸಲಾ ಚಕ್ರಪಾಣಿ,
ನಿವೃತ್ತ ಬೆರಳಚ್ಚುಗಾರ್ತಿ,
ಆರನೇ ಅಡ್ಡರಸ್ತೆ, ಅತ್ತಿಗುಪ್ಪೆ.

ಗೆ:
ಅಧ್ಯಕ್ಷರು ಮತ್ತು ಸರ್ವ ಸದಸ್ಯರು,
ಆರನೇ ಅಡ್ಡರಸ್ತೆ ರಾಜ್ಯೋತ್ಸವ ಸಮಿತಿ.

ವಿಷಯ: ವಿಧವೆಯಾದ ಕಾರಣ ಅರ್ಜಿದಾರರ ಕೈಯಿಂದ ತಪ್ಪಿಸಲಾದ ಬಾವುಟ ಹೊಲಿಯುವ ಕೆಲಸವನ್ನು ಮರಳಿ ಕೊಡುವ ಬಗ್ಗೆ.

ಉಲ್ಲೇಖ: ಕಾರ್ಯದರ್ಶಿ ಮುನಿಯಣ್ಣನವರು ದಿನಾಂಕ 12.10.2025ರಂದು ಅರ್ಜಿದಾರರ ಮನೆಗೆ ಬಂದು ಆಡಿದ ಮಾತು.

ಮಾನ್ಯರೇ,

ಮೂವತ್ನಾಲ್ಕು ವರ್ಷ ಕಚೇರಿಯಲ್ಲಿ ಬೇರೆಯವರ ಅರ್ಜಿಗಳನ್ನೇ ಬೆರಳಚ್ಚು ಮಾಡಿದ್ದರಿಂದ ಅರ್ಜಿದಾರರಿಗೆ ‘ನಾನು’ ಎಂದು ಬರೆದು ರೂಢಿಯಿಲ್ಲ. ಮನ್ನಿಸುವುದು.

1. ನಮ್ಮ ರಸ್ತೆಯ ರಾಜ್ಯೋತ್ಸವದ ಬಾವುಟವನ್ನು 1998ರಿಂದ 2024ರವರೆಗೆ, ಒಟ್ಟು ಇಪ್ಪತ್ತೇಳು ಬಾರಿ, ಅರ್ಜಿದಾರರೇ ಹೊಲಿದಿರುತ್ತಾರೆ. ಬಟ್ಟೆಯ ಇನ್ನೊಂದು ತುದಿಯನ್ನು ಅವರ ಪತಿ ಚಕ್ರಪಾಣಿಯವರು ಹಿಡಿಯುತ್ತಿದ್ದರು. “ನೇರವಾಗಿ ಕತ್ತರ್ಸೇ, ಇದು ಬಾವುಟ ಕಣೇ, ದಿಂಬಿನ ಕವರ್ ಅಲ್ಲ” ಎಂಬುದು ಅವರು ಪ್ರತಿ ವರ್ಷ ನೀಡುತ್ತಿದ್ದ ಸೂಚನೆ. ಸದರಿಯವರು 9.6.2025ರಂದು ತೀರಿಕೊಂಡರು.

2. ಉಲ್ಲೇಖಿತ ದಿನ ಕಾರ್ಯದರ್ಶಿಗಳು ಮೆಟ್ಟಿಲ ಮೇಲೆ ಕೂತು ಹೇಳಿದ್ದು: “ವತ್ಸಲಕ್ಕಾ, ತಪ್ಪು ತಿಳ್ಕೋಬೇಡಿ. ನಮ್ ಬಾವುಟ ಅಂದ್ರೆ ಅರಿಶಿನ ಕುಂಕುಮ ಅಲ್ವಾ? ಈ ವರ್ಷ ಅಂಗಡಿಯಿಂದ್ಲೇ ತಂದ್ಬಿಡೋಣ ಅಂತ ಎಲ್ರೂ ಹೇಳ್ತಿದಾರೆ. ನಂಗೇನಿಲ್ಲ.” ಇಷ್ಟು ಹೇಳಿ, ಅರ್ಜಿದಾರರು ಕೊಟ್ಟ ಕಾಫಿಯನ್ನು ಪೂರ್ತಿ ಕುಡಿದು ಹೋದರು. ಸದರಿ ಆಕ್ಷೇಪಣೆ ಕಾಫಿಗೆ ಅನ್ವಯಿಸಿದಂತೆ ಕಂಡುಬರಲಿಲ್ಲ.

3. ಕಳೆದ ಆಗಸ್ಟ್ ಹದಿನೈದರಂದು ರಾಷ್ಟ್ರಧ್ವಜದ ಮಡಿಕೆಯಲ್ಲಿ ಹೂವಿನ ಪಕಳೆ ಇಟ್ಟು ಗಂಟು ಹಾಕಿದ್ದು ಇದೇ ಕೈ. ಆಗಲೂ ಅರ್ಜಿದಾರರು ವಿಧವೆಯೇ. ಕೇಸರಿ ತ್ಯಾಗಕ್ಕೆ, ಬಿಳಿ ಶಾಂತಿಗೆ, ಹಸಿರು ಸಮೃದ್ಧಿಗೆ ಎಂದು ಶಾಲೆಯಲ್ಲಿ ಓದಿದ್ದೇವೆ. ಹಣೆಯ ಸುದ್ದಿ ಅಲ್ಲಿಲ್ಲ. ಗಂಟು ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತು. ಚಕ್ರದ ಇಪ್ಪತ್ನಾಲ್ಕು ಕಡ್ಡಿಗಳಲ್ಲಿ ಒಂದೂ ಅಲುಗಲಿಲ್ಲ.

4. ನಮ್ಮ ಹಳದಿ-ಕೆಂಪು ಬಾವುಟಕ್ಕೆ ಅಧಿಕೃತ ಮಾನ್ಯತೆ ಇನ್ನೂ ಸಿಕ್ಕಿಲ್ಲವೆಂದು ತಮ್ಮ ಸಮಿತಿಯೇ ಪ್ರತಿ ವರ್ಷ ಭಾಷಣ ಮಾಡುತ್ತದೆ. ಕಾರಣ, ಮಾನ್ಯತೆಯಿಲ್ಲದ ಬಾವುಟಕ್ಕೆ ಮಾನ್ಯತೆಯಿಲ್ಲದ ಕೈ ಏಕಾಗದು ಎಂಬುದು ಅರ್ಜಿದಾರರಿಗೆ ತಿಳಿಯದು.

5. ಮೊನ್ನೆ ಅಂಗಡಿ ಬಾವುಟವನ್ನು ಕಟ್ಟಿ ನೋಡಿದಾಗ ಕೆಂಪು ಮೇಲೆ, ಹಳದಿ ಕೆಳಗೆ ಇತ್ತು. ಅದನ್ನು ಅರ್ಜಿದಾರರೇ ಕಿಟಕಿಯಿಂದ ಕೂಗಿ ಹೇಳಬೇಕಾಯಿತು. ಸುಮಂಗಲಿಯರು ಮೂವರು ಕಂಬದ ಬುಡದಲ್ಲೇ ನಿಂತಿದ್ದರು.

6. ಅರ್ಜಿದಾರರಿಗೆ ಬಹಳ ನೋವಾಗಿದೆ. ಗಂಡ ಹೋದ ಮೇಲೆ ಹೂವು ಹೋಯಿತು, ಬಾಗಿನ ಹೋಯಿತು. ಬಾವುಟವೂ ಹೋಗುತ್ತದೆಂದು ಅವರು ಎಣಿಸಿರಲಿಲ್ಲ. ಇದನ್ನು ಕಚೇರಿಯ ಭಾಷೆಯಲ್ಲಿ ಬರೆಯಲು ಅವರಿಗೆ ಬರಲಿಲ್ಲ.

ಆದ್ದರಿಂದ, ಲಗತ್ತಿಸಿರುವ ಬಾವುಟವನ್ನೇ ನವೆಂಬರ್ ಒಂದರಂದು ಏರಿಸಬೇಕಾಗಿ ಕೋರಿಕೆ.

ಇಪ್ಪತ್ತೇಳು ಬಾವುಟಗಳಿಂದ ತಮ್ಮ ವಿಶ್ವಾಸಿ,
ವತ್ಸಲಾ ಚಕ್ರಪಾಣಿ

ಲಗತ್ತುಗಳು:
ಅ) ಉಳಿದ ನೂಲು, ಹಳದಿ ಮತ್ತು ಕೆಂಪು, ಒಂದೊಂದು ಉಂಡೆ.
ಆ) ಈ ವರ್ಷದ ಬಾವುಟ, ಒಂದು. ಅನುಮತಿಗೆ ಮೊದಲೇ ಹೊಲಿದಿದ್ದಕ್ಕೆ ಕ್ಷಮೆ ಇರಲಿ. ಒಂದು ಅಂಚು ಅರ್ಧ ಅಂಗುಲ ಸೊಟ್ಟವಾಗಿದೆ. ಇನ್ನೊಂದು ತುದಿ ಹಿಡಿಯುವವರು ಇರಲಿಲ್ಲ.

ವಿಶೇಷ ಸೂಚನೆ: ಬಾವುಟದ ಕಂಬ ಅರ್ಜಿದಾರರ ಗೇಟಿನ ಎದುರಿಗೇ ಇದೆ, ಮನೆ ಪೂರ್ವಕ್ಕೆ ಮುಖ ಮಾಡಿದೆ. ನವೆಂಬರ್ ಪೂರ್ತಿ ಬೆಳಗ್ಗೆ ಎಂಟರಿಂದ ಎಂಟೂವರೆಯವರೆಗೆ, ಮೆಟ್ಟಿಲ ಮೇಲೆ ಪೇಪರ್ ಓದುತ್ತ ಕೂತ ಅರ್ಜಿದಾರರ ಹಣೆಯ ಮೇಲೆಯೇ ಬಾವುಟದ ನೆರಳು ಬೀಳುತ್ತದೆ. ಈ ಅರ್ಜಿ ತಿರಸ್ಕೃತವಾದಲ್ಲಿ, ಸದರಿ ನೆರಳನ್ನು ಯಾವುದಾದರೂ ಸುಮಂಗಲಿಯ ಮನೆ ಕಡೆಗೆ ತಿರುಗಿಸಲು ಸಮಿತಿಯು ಕೂಡಲೇ ಕ್ರಮ ಕೈಗೊಳ್ಳಬೇಕಾಗಿ ವಿನಂತಿ.