ಏಳು ಗುಳಿಯ ಕಬ್ಬಿಣ

ಮುಂಬಯಿಯ ಗುಜರಿಯಲ್ಲಿ ಅರ್ಧ ಪಾಲು ಆಂಟಾಪ್ ಹಿಲ್‌ನ ನನ್ನ ಸೋದರಮಾವನ ಮನೆಯಲ್ಲಿದೆ. ಉಳಿದರ್ಧಕ್ಕಾಗಿ ಅವರು ಪ್ರತಿ ಶುಕ್ರವಾರ ಚೋರ್ ಬಜಾರಿಗೆ ಹೋಗುತ್ತಾರೆ! ಬಾಂದ್ರಾದ ಹೋಟೆಲಿನಲ್ಲಿ ಮೂವತ್ತು ವರ್ಷ ದೋಸೆ ಹೊಯ್ದು ನಿವೃತ್ತರಾದವರಿಗೆ ಮೂತಿಯಿಲ್ಲದ ನಲ್ಲಿ, ಹಿಡಿಯಿಲ್ಲದ ಇಸ್ತ್ರಿಪೆಟ್ಟಿಗೆ ಯಾಕೆ ಬೇಕು? ಕೇಳಿ ನೋಡಿದೆ. "ಬೇಕಾಗ್ತದೆ ಮಾರಾಯ. ಬೇಕಾದಾಗ ಎಲ್ಲಿ ಹುಡುಕುವುದು?" ಎಂದರು.

ಮನೆಯಲ್ಲಿ ನಿಜಕ್ಕೂ ಕೆಟ್ಟಿದ್ದು ಅತ್ತೆಯ ಕಿವಿ. ಡಾಕ್ಟರು ಕೊಟ್ಟ ಮೆಷಿನನ್ನು "ತಲೆಯೊಳಗೆ ಮಿಕ್ಸಿ ತಿರುಗಿದ ಹಾಗೆ ಆಗ್ತದೆ" ಎಂದು ಕಪಾಟಿಗೆ ಸೇರಿಸಿದ್ದರು. ಎರಡು ವರ್ಷದಲ್ಲಿ ಮೂರು ಕಾಲಿಂಗ್ ಬೆಲ್ ಬದಲಾಯಿಸಿ ಸೋತ ಮಾವ, ಕೀಲಿಕೈ ತಿರುಗಿಸಿ ಒಳಬರುವುದನ್ನು ಅಭ್ಯಾಸ ಮಾಡಿಕೊಂಡಿದ್ದರು. ಬೆನ್ನ ಹಿಂದೆ ದಿಢೀರನೆ ಗಂಡನನ್ನು ಕಂಡು ಅತ್ತೆ ಪ್ರತಿಸಲವೂ ಬೆಚ್ಚಿ, ಕೈಲಿದ್ದುದನ್ನು ಬೀಳಿಸಿ, ಬೈಯುತ್ತಿದ್ದರು.

"ಬೈದರೆ ಅಡ್ಡಿಲ್ಲ. ನನ್ನನ್ನು ನೋಡಿ ಹೆದರ್ತಾಳಲ್ಲ, ಅದು ಬೇಜಾರು" ಎಂದು ಮಾವ ಒಮ್ಮೆ ನನ್ನೆದುರು ಹೇಳಿದ್ದರು.

ಅಂಥದ್ದರಲ್ಲಿ ಒಂದು ಶುಕ್ರವಾರ ಊಟದ ತಟ್ಟೆಯಷ್ಟಗಲದ, ಒಂದೇ ಕೈಯಲ್ಲಿ ಎತ್ತಲಾಗದಷ್ಟು ಭಾರದ, ಯಾವುದೋ ಮೆಷಿನಿನ ಕಬ್ಬಿಣದ ಬಿಡಿಭಾಗ ಮನೆಗೆ ಬಂತು. ಅಂಚಿನಲ್ಲೊಂದು ತೂತು, ಮೈಮೇಲೆ ಏಳು ಗುಳಿ. ಕಿವಿ ಹೋದರೂ ಅತ್ತೆಯ ಬಾಯಿ ಗಟ್ಟಿಯಾಗಿಯೇ ಇತ್ತು. "ಇದು ಎಂತದ್ದೂಂತ ಆದಿತ್ಯವಾರದೊಳಗೆ ಹೇಳಿ. ಇಲ್ಲದಿದ್ರೆ ಗುಜರಿ ಹೆಕ್ಕುವ ಭಂಗಾರ್‌ವಾಲಾನಿಗೆ ಕೊಡ್ತೇನೆ."

ಪಂಚಾಯಿತಿ ಕೂಡಿತು. ಹಿಂದೆ ಬಟ್ಟೆ ಗಿರಣಿಯಲ್ಲಿ ದುಡಿದಿದ್ದ ಎದುರುಮನೆಯ ಕಾಕಾ ತಿರುಗಿಸಿ ನೋಡಿ, "ಹೇ ಗಿರಣೀಚಂಚ್ ಆಹೇ", ಇದು ಗಿರಣಿಯದೇ, ಎಂದು ಮರಾಠಿಯಲ್ಲಿ ಆಣೆ ಹಾಕಿದರು. ಕೆಳಗಿನ ಮನೆಯ ರೈಲ್ವೆಯವರು ಲೋಕಲ್‌ನ ಬ್ರೇಕಿನದೇ ಎಂದು ಹಟ ಹಿಡಿದರು. ಅವರಿಬ್ಬರೂ ಆಮೇಲೆ ಒಂದು ವಾರ ಮಾತಾಡಲಿಲ್ಲ!

ಆದಿತ್ಯವಾರ ನಾನು ಹೋದಾಗ ಮಾವ ಅಡುಗೆಮನೆಯಲ್ಲಿ ಅದನ್ನು ಗ್ಯಾಸಿನ ಮೇಲಿಟ್ಟು, ಅರ್ಧ ಈರುಳ್ಳಿ ಎಣ್ಣೆಗದ್ದಿ ತಿಕ್ಕುತ್ತಿದ್ದರು.

"ಏಳು ಗುಳಿ ಉಂಟಲ್ಲ? ಇನ್ನೆಂತ ಬೇಕು? ಗುಳಿಯಪ್ಪದ ಕಾವಲಿ ಇದು!"

ಹಿಟ್ಟು ಹೊಯ್ದ ಮೇಲೆ ಗೊತ್ತಾಯಿತು, ಗುಳಿಗಳ ತಳದಲ್ಲೂ ಸಣ್ಣ ಕಿಂಡಿಗಳಿದ್ದವು. ಹಿಟ್ಟೆಲ್ಲ ಸೋರಿ ಒಲೆಯೇ ಆರಿಹೋಯಿತು. ಅತ್ತೆ ನೋಡುವ ಮೊದಲು ಕುರುಹು ಅಳಿಸಬೇಕಲ್ಲ! ಕಬ್ಬಿಣ ತಣ್ಣಗಾದ ಮೇಲೆ ಇಬ್ಬರೂ ಸೋಪು ಹಚ್ಚಿ ತೊಳೆದೆವು. ಕೈಜಾರಿತು. ಕಲ್ಲಿನ ಕಟ್ಟೆಗೆ ಬಡಿದು ಢಣ್ ಎಂದ ಸದ್ದಿಗೆ ನನ್ನ ಹಲ್ಲುಗಳೇ ನಡುಗಿದವು.

ಒಳಕೋಣೆಯಿಂದ ಅತ್ತೆಯ ದನಿ ಬಂತು. "ಎಂತ ಬಿದ್ದದ್ದು?"

ಮಾವ ಸೋಪಿನ ಕೈಯಲ್ಲೇ ನನ್ನ ತೋಳು ಹಿಡಿದುಕೊಂಡರು.

ಅದು ಯಾವ ಮೆಷಿನಿನದೆಂದು ಇವತ್ತಿಗೂ ಗೊತ್ತಿಲ್ಲ. ಭಂಗಾರ್‌ವಾಲಾನಿಗಂತೂ ಹೋಗಲಿಲ್ಲ. ಈಗ ಬಾಗಿಲ ಹೊರಗೆ ಹಗ್ಗದಲ್ಲಿ ತೂಗುತ್ತಿದೆ, ಬಾರಿಸಲು ಜೊತೆಗೊಂದು ಹಳೆಯ ಸಟ್ಟುಗ. ಮಾವ ಮನೆಗೆ ಬಂದದ್ದು ಇಡೀ ಬಿಲ್ಡಿಂಗಿಗೆ ತಿಳಿಯುತ್ತದೆ.

ಮೊನ್ನೆ ಅವರ ಜೊತೆಗೇ ಮೆಟ್ಟಿಲು ಹತ್ತಿದೆ. ಕೀಲಿಕೈ ಜೇಬಿನಲ್ಲೇ ಇತ್ತು. ಆದರೂ ಮಾವ ಸಟ್ಟುಗ ತೆಗೆದು ಬಾರಿಸಿದರು. "ಬಂದೆ" ಎಂದು ಒಳಗಿಂದ ಕೇಳಿತು. ಮಾವ ಇನ್ನೊಮ್ಮೆ ಬಾರಿಸಿದರು.

"ಕೇಳಿಸ್ತು ಮಾರಾಯ್ರೆ, ಬಂದೆ!"

ಮಾವ ನನ್ನತ್ತ ತಿರುಗಿದರು. ಕಣ್ಣು ತುಂಬಿತ್ತು.

"ಕೇಳಿಸ್ತಂತೆ" ಎಂದರು.